ಕೆಜಿಎಫ್ ಚಾಪ್ಟರ್ 2: ಸಿಂಗಲ್ ಸ್ಕ್ರೀನಾ, ಮಲ್ಟಿಪ್ಲೆಕ್ಸಾ? ಹೋಗಿ ಬಂದವರು ಹೇಳಿ

ತುಮಕೂರಿನವಳು: ಶನಿವಾರ ಅಮ್ಮನ್ನೂ ಆರು ವರ್ಷದ ಮಗನ್ನೂ ಕರ್ಕೊಂಡು ಹೋಗ್ಬೇಕು. ಅಮ್ಮನಿಗೆ ಮಂಡಿನೋವು. ಊರಲ್ಲೇ ನೋಡೋದಾ, ಬೆಂಗಳೂರಿಗೆ ಬಂದು ಮಲ್ಟಿಪ್ಲೆಕ್ಸಲ್ಲಿ ನೋಡೋದಾ?

ರಾಜಾಜಿನಗರದ ಹುಡುಗ: ಸಿಂಗಲ್ ಸ್ಕ್ರೀನ್, ಬೇರೆ ಮಾತೇ ಇಲ್ಲ. 2022ರ ಏಪ್ರಿಲ್ 14, ರಿಲೀಸ್ ದಿನ ಬೆಳಗಿನ ಜಾವದ ಶೋಗೆ ಹೋಗಿದ್ದೆ. ಕೌಂಟರಲ್ಲಿ ಸಿಗ್ಲಿಲ್ಲ, ಬ್ಲಾಕಲ್ಲಿ ಬಾಲ್ಕನಿ 700 ಕೊಟ್ಟೆ. ಪಾರ್ಕಿಂಗ್ 40, ಕಟೌಟ್ ಹಾರಕ್ಕೆ ನನ್ನ ಪಾಲು 250. ಹೀರೋ ರಾಕಿ ಪೊಲೀಸ್ ಸ್ಟೇಷನ್ ಮೇಲೆ ಗುಂಡು ಸುರಿಸಿ, ಕಾದು ಕೆಂಪಾದ ನಳಿಗೆಯಲ್ಲಿ ಸಿಗರೇಟ್ ಹಚ್ಚಿದಾಗ ಇಡೀ ಬಾಲ್ಕನಿ ಎದ್ದು ನಿಂತಿತ್ತು. ಕೊಟ್ಟ ಒಂದು ರೂಪಾಯಿನೂ ದಂಡ ಅಲ್ಲ.

ವೈಟ್‌ಫೀಲ್ಡ್ ಅಪ್ಪ: ಮಗು ಇದ್ರೆ ದಯವಿಟ್ಟು ಯೋಚ್ನೆ ಮಾಡಿ. ಯು/ಎ ಸರ್ಟಿಫಿಕೇಟ್ ಸುಮ್ನೆ ಕೊಟ್ಟಿಲ್ಲ. ರಿಕ್ಲೈನರ್ 1,100ರಂತೆ ಮೂರು, 3,300. ಬುಕಿಂಗ್ ಫೀ 118. ಪಾಪ್‌ಕಾರ್ನ್, ನೀರು 560. ಮಗಳಿಗೆ ತಂದಿದ್ದ ಮೊಸರನ್ನದ ಡಬ್ಬಿನ ಬಾಗಿಲಲ್ಲೇ ಇಡಿಸ್ಕೊಂಡ್ರು. 168 ನಿಮಿಷದ ಸಿನಿಮಾ, ವಿಲನ್ ಅಧೀರ ಬಂದ ಕೂಡ್ಲೇ ಮಗಳು ಕಿವಿ ಮುಚ್ಕೊಂಡು ಅಳೋಕೆ ಶುರು. ಹೆಂಡ್ತಿ ಉಳಿದ ಸಿನಿಮಾ ಪೂರ್ತಿ ಹೊರಗೆ ಕೂತಿದ್ಲು. ಅವಳ 1,100 ಹೋಯ್ತು, ಮನೆಗೆ ಬಂದ್ಮೇಲೆ ಮಾತೂ ಇಲ್ಲ.

ರಾಜಾಜಿನಗರದ ಹುಡುಗ: ಮಲಗ್ಕೊಂಡು ನೋಡೋರಿಗೆ ಸಿನಿಮಾ ಯಾಕೆ ಸ್ವಾಮಿ? ಮನೇಲಿ ಹಾಸಿಗೆ ಇಲ್ವಾ?

ವೈಟ್‌ಫೀಲ್ಡ್ ಅಪ್ಪ: ಬ್ಲಾಕಲ್ಲಿ 700 ಸುರಿದವರು ನನಗೆ ಬುದ್ಧಿ ಹೇಳ್ಬೇಡಿ. ನಿಮ್ಮಂಥವರಿಂದಲೇ ಕೌಂಟರಲ್ಲಿ ಟಿಕೆಟ್ ಸಿಗಲ್ಲ.

ಹುಬ್ಬಳ್ಳಿಯಾಂವ: ಬರೇ ಬೆಂಗಳೂರಿಂದ ಹೇಳ್ತೀರಲ್ರೀ. ನಮ್ಮ ಕಡೆ ಟಿಕೆಟ್ 120, ಖರೆ, ಆದ್ರ ಎಡಗಡೆ ಸ್ಪೀಕರ್ ಸತ್ತಿತ್ತು. ಬಸ್ರೂರರ ಮ್ಯೂಸಿಕ್ ಅರ್ಧ ಕಿವಿಗೆ ಬಂತು, ಮಾತು ಒಂದೂ ತಿಳೀಲಿಲ್ಲ. ಕಾರ್ ಚೇಸಿಂಗ್‌ದಾಗ ಬೇಕಂತನ ಪರದೆ ಕಪ್ಪಾಗಿ ಕಪ್ಪಾಗಿ ಬರ್ತದಲ್ಲ, ಮಂದಿ ಪ್ರೊಜೆಕ್ಟರ್ ಕೆಟ್ಟೈತಿ ಅಂತ ಕುರ್ಚಿ ಬಡದ್ರು. ಅಂಥಾ ಎಡಿಟಿಂಗು ಹಾಳಾತು. ಮ್ಯಾನೇಜರ್‌ಗೆ ಕೇಳಿದ್ರ "ನಾಳೆ ಬರ್ರಿ" ಅಂದ. ಮತ್ತ 120 ಯಾರು ಕೊಡ್ಬೇಕು?

ತುಮಕೂರಿನವಳು: ಬಾಲ್ಕನಿಗೆ ಮೆಟ್ಟಿಲು ಜಾಸ್ತಿನಾ? ಲಿಫ್ಟ್ ಇರುತ್ತಾ?

ಮೈಸೂರು ಮೇಷ್ಟ್ರು: ಎಲ್ಲಿ ನೋಡಿದರೂ ಅನಂತ್ ನಾಗ್ ಇಲ್ಲದ ಕೊರತೆ ತುಂಬುವುದಿಲ್ಲ. 2018ರ ಡಿಸೆಂಬರಿನಲ್ಲಿ ಮೊದಲ ಭಾಗ ನೋಡಿದಾಗ ಕಥೆ ಹೇಳುವ ಅವರ ಆ ದನಿಯೇ ನನ್ನನ್ನು ಕೂರಿಸಿದ್ದು. ಈ ಸಲ ಕಥೆ ಹೇಳುವ ಕೆಲಸ ಪ್ರಕಾಶ್ ರಾಜ್ ಕೈಗೆ ಬಂದಿದೆ, ನನಗೆ ಬೇರೆ ಸಿನಿಮಾಕ್ಕೆ ಬಂದಂತಾಯಿತು.

ರಾಜಾಜಿನಗರದ ಹುಡುಗ: ಪ್ರಕಾಶ್ ರಾಜ್ ಏನ್ ಕಮ್ಮಿ ಮಾಡಿದಾರೆ ಸರ್? ಅನಂತ್ ನಾಗ್ ಮಾಡಿದ್ದ ಆನಂದ್ ಇಂಗಳಗಿ ಪಾತ್ರದ ಮಗನಾಗಿ ಬರ್ತಾರೆ, ಅಪ್ಪನ ಥರಾನೇ ಮಾತಾಡ್ಬೇಕಾ?

ರಾಬರ್ಟ್‌ಸನ್‌ಪೇಟೆ: ನಮ್ಮೂರು ನಿಜವಾದ ಕೆಜಿಎಫ್, ಕೋಲಾರ ಚಿನ್ನದ ಗಣಿ. ನಮ್ಮಪ್ಪ ಆ ಗಣಿ ಕೆಲಸದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ರು, ಬರಬೇಕಾದ ದುಡ್ಡಿಗೆ ಅಪ್ಪ ಅಲೆದಿದ್ದು ನೋಡಿದೀನಿ. ಈಗಲೂ ಗಾಳಿ ಬೀಸಿದ್ರೆ ಸೈನೈಡ್ ದಿಬ್ಬದ, ಅಂದ್ರೆ ಚಿನ್ನ ತೆಗೆದು ಉಳಿದ ಗಣಿ ಮಣ್ಣಿನ ರಾಶಿಯ ಧೂಳು ಮನೆಯೊಳಗೆ. ನಮ್ಮೂರ ಹೆಸರಲ್ಲಿ ನೀವು 3,300 ಖರ್ಚು ಮಾಡ್ತೀರ, ನಮ್ಮೂರಿಗೆ ಬಂದಿದ್ದೇನು?

ವೈಟ್‌ಫೀಲ್ಡ್ ಅಪ್ಪ: ಅದಕ್ಕೂ ನನ್ನ ಟಿಕೆಟ್ಟಿಗೂ ಏನು ಸಂಬಂಧ? ಸಿನಿಮಾದಲ್ಲಿರೋ ಗಣಿ ನರಾಚಿ, ಅದು ಕಲ್ಪನೆ.

ರಾಬರ್ಟ್‌ಸನ್‌ಪೇಟೆ: ಹೆಸರು ನಮ್ದೇ ಇದೆಯಲ್ಲ ಸಾರ್. ಒಂದ್ಸಲ ಬಂದು ದಿಬ್ಬದ ಪಕ್ಕ ನಿಂತು ಆಮೇಲೆ ಕಲ್ಪನೆ ಅನ್ನಿ.

ಮೈಸೂರು ಮೇಷ್ಟ್ರು: ರಾಬರ್ಟ್‌ಸನ್‌ಪೇಟೆಯವರು ಹೇಳುವುದು ಸರಿಯಿದೆ. ಆದರೆ ರಾಜಾಜಿನಗರದವರೇ, ಪ್ರಕಾಶ್ ರಾಜ್ ಅಪ್ಪನ ಥರ ಮಾತಾಡಬೇಕೆಂದು ನಾನು ಎಲ್ಲಿ ಹೇಳಿದೆ, ತೋರಿಸಿ.