ಏರ್ ಲೈನಿನಲ್ಲಿ ನೀರು: ಮಳೆಗಾಲದಲ್ಲಿ ನೀವೆಲ್ಲ ಏನು ಮಾಡ್ತೀರಿ?

ಕೇಳಿದವರು: ಸಣ್ಣ ಮಷಿನ್ ಶಾಪ್, ಪೀಣ್ಯ

ಒಂದು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷಿನ್), ಎರಡು ಸಿಎನ್‌ಸಿ ಲೇತ್, ಒಂದು ಸರ್ಫೇಸ್ ಗ್ರೈಂಡರ್ ಇದೆ. ಎಲ್ಲಕ್ಕೂ ಪೈಪ್ ಲೈನಿನಲ್ಲಿ ಒತ್ತಡದ ಗಾಳಿ ಕೊಡೋಕೆ ಒಂದೇ 5 ಎಚ್‌ಪಿ ಪಿಸ್ಟನ್ ಕಂಪ್ರೆಸರ್. ಜೂನ್ ಬಂದರೆ ಸಾಕು, ಏರ್ ಗನ್ ಒತ್ತಿದ ಕೂಡಲೇ ಮೊದಲು ನೀರು, ಆಮೇಲೆ ಗಾಳಿ. ಗ್ರೈಂಡಿಂಗ್ ಮುಗಿದ ಜಾಬನ್ನು (ಕೆಲಸದ ತುಂಡನ್ನು) ಊದಿ ಇಟ್ಟರೆ ಬೆಳಿಗ್ಗೆ ಹೊತ್ತಿಗೆ ಅದರ ಮೇಲೆ ಕಂದು ಚುಕ್ಕೆ. ಎಫ್‌ಆರ್‌ಎಲ್ (ಮಷಿನ್ ಮುಂದಿನ ಫಿಲ್ಟರ್, ರೆಗ್ಯುಲೇಟರ್, ಎಣ್ಣೆ ಹಾಕುವ ಲೂಬ್ರಿಕೇಟರ್ ಜೋಡಣೆ) ಬೌಲನ್ನು ದಿನಕ್ಕೆ ಮೂರು ಸಲ ಖಾಲಿ ಮಾಡ್ತೀವಿ. ಕಂಪ್ರೆಸರ್ ಪಕ್ಕದಲ್ಲೇ ಇನ್ನೊಂದು ದೊಡ್ಡ ಫಿಲ್ಟರ್ ಹಾಕಿಸಿದೆ, ಏನೂ ವ್ಯತ್ಯಾಸ ಆಗಲಿಲ್ಲ. ಡ್ರೈಯರ್ (ಗಾಳಿ ಒಣಗಿಸುವ ಯಂತ್ರ) ತಗೊಳ್ಳಿ ಅಂತ ಒಬ್ಬರು, ಪೈಪ್ ಬದಲಿಸಿ ಅಂತ ಇನ್ನೊಬ್ಬರು ಹೇಳ್ತಾರೆ. ದುಡ್ಡು ಹಾಕೋ ಮೊದಲು ಅನುಭವ ಇದ್ದವರ ಮಾತು ಕೇಳೋಣ ಅಂತ. ದಯವಿಟ್ಟು ತಿಳಿಸಿ.

ಮೇಂಟೆನೆನ್ಸ್‌ನಲ್ಲಿ 22 ವರ್ಷ, ಬೆಂಗಳೂರು

ಸರ್, ಡ್ರೈಯರ್ ವಿಷಯ ಆಮೇಲೆ. ನಾಳೆ ಮಧ್ಯಾಹ್ನ ಕಂಪ್ರೆಸರ್ ಎರಡು ಗಂಟೆ ಓಡಿದ ಮೇಲೆ ಒಂದು ಕೆಲಸ ಮಾಡಿ. ಟ್ಯಾಂಕಿನಿಂದ ಲೈನಿಗೆ ಹೋಗುವ ಪೈಪನ್ನು ಕೈಯಿಂದ ಮುಟ್ಟಿ ನೋಡಿ. ಹುಷಾರು, ಮೊದಲು ಬೆರಳ ತುದಿ ತಾಗಿಸಿ. ಕೈ ಇಡೋಕೆ ಆಗದಷ್ಟು ಬಿಸಿ ಇದ್ದರೆ ನಿಮ್ಮ ರೋಗ ಅಲ್ಲೇ ಇದೆ.

ಯಾಕೆ ಅಂತ ಹೇಳ್ತೀನಿ. ಮಳೆಗಾಲದಲ್ಲಿ 25 ಡಿಗ್ರಿ, 85 ಶೇಕಡಾ ತೇವ ಅಂತ ಇಟ್ಟುಕೊಳ್ಳಿ. ಅಂಥ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 20 ಗ್ರಾಂ ನೀರು ಆವಿಯಾಗಿ ಇರುತ್ತದೆ. ನಿಮ್ಮ ಕಂಪ್ರೆಸರ್ ನಿಮಿಷಕ್ಕೆ 15 ಘನ ಅಡಿ ಗಾಳಿ ಕೊಟ್ಟರೆ ಗಂಟೆಗೆ 25 ಘನ ಮೀಟರ್ ಆಯಿತು. ಎಂಟು ಗಂಟೆ ಬಿಡದೆ ಓಡಿದರೆ 200 ಘನ ಮೀಟರ್. ಅಂದರೆ ಒಂದು ಶಿಫ್ಟಿಗೆ ಹತ್ತಿರ ಹತ್ತಿರ 4 ಲೀಟರ್ ನೀರನ್ನು ಕಂಪ್ರೆಸರ್ ಗಾಳಿಯ ಜೊತೆ ಒಳಗೆ ಎಳೆದುಕೊಳ್ಳುತ್ತದೆ. ನೀರು ಎಲ್ಲಿಂದಲೋ ಸೋರಿ ಬರ್ತಿದೆ ಅಂತ ಹುಡುಕಬೇಡಿ. ಅದು ಬರೋದು ಗಾಳಿಯಿಂದಲೇ.

ಈಗ 7 ಬಾರ್‌ಗೆ ಒತ್ತಿದಾಗ ಗಾಳಿ ಎಂಟನೇ ಒಂದು ಭಾಗದಷ್ಟು ಜಾಗಕ್ಕೆ ಇಳಿಯುತ್ತದೆ. ನೀರು ಮಾತ್ರ ಅಷ್ಟೇ ಇರುತ್ತೆ. ಆದರೆ ಒತ್ತುವಾಗ ಗಾಳಿ ಕಾದು ಹೋಗಿರುತ್ತದಲ್ಲ, ಬಿಸಿ ಗಾಳಿ ಜಾಸ್ತಿ ಆವಿ ಹಿಡಿದುಕೊಳ್ಳುತ್ತದೆ. ತಣ್ಣಗಾದಂತೆ ಬಿಟ್ಟುಕೊಡುತ್ತದೆ. ಸುಮಾರು ಹನ್ನೊಂದು ಡಿಗ್ರಿ ಇಳಿದರೆ ಹಿಡಿಯುವ ಶಕ್ತಿ ಅರ್ಧ ಆಗುತ್ತೆ ಅಂತ ನೆನಪಿಟ್ಟುಕೊಳ್ಳಿ.

ಆದ್ದರಿಂದ ಟ್ಯಾಂಕಿನಲ್ಲಿ ಗಾಳಿ 45 ಡಿಗ್ರಿಗೆ ಇಳಿದಿದ್ದರೆ ಆ ನಾಲ್ಕು ಲೀಟರಿನಲ್ಲಿ ಎರಡು ಲೀಟರಿಗಿಂತ ಜಾಸ್ತಿ ಟ್ಯಾಂಕಿನಲ್ಲೇ ಬೀಳುತ್ತದೆ. ಉಳಿದದ್ದು ಲೈನಿನೊಳಗೆ ಹೋಗಿ ಅಲ್ಲಿ 25 ಡಿಗ್ರಿಗೆ ಬಂದಾಗ ಇನ್ನೊಂದು ಲೀಟರ್ ಬಿಡುತ್ತದೆ. ಅದೇ ಟ್ಯಾಂಕ್ 60 ಡಿಗ್ರಿ ಇದ್ದರೆ ಲೆಕ್ಕ ತಲೆಕೆಳಗು. ಟ್ಯಾಂಕಿನಲ್ಲಿ ಒಂದು ಲೀಟರಿಗಿಂತ ಕಡಿಮೆ ಬಿದ್ದು, ಮಿಕ್ಕದ್ದರಲ್ಲಿ ಎರಡೂವರೆ ಲೀಟರಿಗಿಂತ ಜಾಸ್ತಿ ನಿಮ್ಮ ಪೈಪಿನಲ್ಲಿ, ಎಫ್‌ಆರ್‌ಎಲ್‌ನಲ್ಲಿ, ಏರ್ ಗನ್ನಿನಲ್ಲಿ ಬೀಳುತ್ತದೆ.

ನೀವು ಹಾಕಿಸಿದ ದೊಡ್ಡ ಫಿಲ್ಟರ್ ಯಾಕೆ ಕೆಲಸ ಮಾಡಲಿಲ್ಲ ಅಂತ ಈಗ ಗೊತ್ತಾಯ್ತಲ್ಲ? ಫಿಲ್ಟರ್ ಹಿಡಿಯೋದು ಹನಿಯನ್ನು. ಆವಿಯನ್ನು ಹಿಡಿಯೋಕೆ ಅದರಿಂದ ಆಗಲ್ಲ. ಕಂಪ್ರೆಸರ್ ಪಕ್ಕದಲ್ಲಿ ನೀರು ಇನ್ನೂ ಆವಿಯಾಗೇ ಇದೆ, ಆರಾಮಾಗಿ ದಾಟಿ ಹೋಗುತ್ತೆ. ಹತ್ತು ಮೀಟರ್ ಆಚೆ ತಣ್ಣಗಾಗಿ ಹನಿಯಾಗುತ್ತೆ. ಅದೇ ಫಿಲ್ಟರನ್ನು ಬಿಚ್ಚಿ ಲೈನಿನ ಆ ಕೊನೆಗೆ, ಮಷಿನ್ ಹತ್ತಿರ ಹಾಕಿ. ಅದೇ ಬೌಲಿನಲ್ಲಿ ನೀರು ತುಂಬೋದನ್ನು ನೋಡ್ತೀರಿ.

ಆದ್ದರಿಂದ ನನ್ನ ಸಲಹೆ ಇಷ್ಟು: ಮೊದಲು ತಣ್ಣಗೆ ಮಾಡಿ, ಆಮೇಲೆ ಬಿದ್ದ ನೀರನ್ನು ಹೊರಗೆ ಹಾಕಿ, ಅದಾದ ಮೇಲೂ ಬೇಕಿದ್ದರೆ ಒಣಗಿಸಿ. ಈ ಕ್ರಮ ಬಿಟ್ಟು ಏನು ಮಾಡಿದರೂ ದುಡ್ಡು ದಂಡ. ಕಂಪ್ರೆಸರ್ ತಲೆಗೂ ಟ್ಯಾಂಕಿಗೂ ನಡುವೆ ಫ್ಯಾನ್ ಇರುವ ಆಫ್ಟರ್ ಕೂಲರ್ (ಒತ್ತಿದ ಬಿಸಿ ಗಾಳಿಯನ್ನು ತಣಿಸುವ ರೇಡಿಯೇಟರ್) ಹಾಕಿಸಿ. ಒಂದು ಎಚ್ಚರಿಕೆ: ಆ ನಡುವಿನ ಪೈಪಿನಲ್ಲಿ ಎಂದೂ ಮುಚ್ಚುವ ವಾಲ್ವ್ ಹಾಕಬೇಡಿ. ಯಾರಾದರೂ ಮರೆತು ಮುಚ್ಚಿ ಕಂಪ್ರೆಸರ್ ಶುರು ಮಾಡಿದರೆ ಪ್ರಾಣಕ್ಕೇ ಅಪಾಯ.

ಇನ್ನೊಂದು, ಕಂಪ್ರೆಸರ್ ಎಲ್ಲಿ ಇಟ್ಟಿದ್ದೀರಿ? ಎಷ್ಟೋ ಕಡೆ ಶೀಟ್ ಹಾಕಿದ ಮೂಲೆ ಗೂಡಿನಲ್ಲಿ, ಗೋಡೆಗೆ ಅಂಟಿಸಿ ಇಟ್ಟಿರ್ತಾರೆ. ಅದು ಬಿಟ್ಟ ಬಿಸಿಯನ್ನು ಅದೇ ಮತ್ತೆ ಎಳೆದುಕೊಳ್ಳುತ್ತೆ. ಫ್ಲೈವೀಲ್ ಕಡೆ ಎರಡು ಅಡಿಯಾದರೂ ಜಾಗ ಬಿಡಿ. ಸಿಲಿಂಡರ್ ಮತ್ತು ಇಂಟರ್ ಕೂಲರ್ (ಎರಡು ಸಿಲಿಂಡರ್ ನಡುವಿನ ತಣಿಸುವ ಪೈಪ್) ರೆಕ್ಕೆಗಳ ನಡುವೆ ಎಣ್ಣೆ ಧೂಳು ಕಟ್ಟಿರುತ್ತೆ, ತಿಂಗಳಿಗೊಮ್ಮೆ ಬ್ರಷ್ ಹಾಕಿ ತೆಗೆಯಿರಿ. ಇದಕ್ಕೆ ಖರ್ಚಿಲ್ಲ.

ಬೈಕಂಪಾಡಿ, ಮಂಗಳೂರು

ನಮ್ಮಲ್ಲಿ ಮಳೆಗಾಲ ಅಂತಲ್ಲ, ವರ್ಷವಿಡೀ ತೇವವೇ. ಮೇಲೆ ಹೇಳಿದವರ ಮಾತು ನೂರಕ್ಕೆ ನೂರು ಸತ್ಯ. ನಾನು ಆ ಕ್ರಮವನ್ನು ಉಲ್ಟಾ ಮಾಡಿ ಎರಡು ವರ್ಷ ಕಷ್ಟಪಟ್ಟಿದ್ದೇನೆ.

ಮೊದಲು ರೆಫ್ರಿಜರೇಟೆಡ್ ಡ್ರೈಯರ್ ತಂದೆ. ಮಾರಿದವರು ಕಂಪ್ರೆಸರಿನ ಗಾಳಿ ಎಷ್ಟು ಬಿಸಿ ಅಂತ ಕೇಳಲೂ ಇಲ್ಲ, ನನಗೂ ಗೊತ್ತಿರಲಿಲ್ಲ. ಈ ಡ್ರೈಯರ್ ಗಾಳಿಯನ್ನು ಸುಮಾರು 3 ಡಿಗ್ರಿಗೆ ತಣಿಸಿ ನೀರು ಇಳಿಸುತ್ತದೆ. ಆದರೆ ಅದರ ಪ್ಲೇಟಿನಲ್ಲಿ ಬರೆದ ಸಾಮರ್ಥ್ಯ ಒಳಬರುವ ಗಾಳಿ 35ರಿಂದ 38 ಡಿಗ್ರಿ ಇದ್ದಾಗಿನ ಲೆಕ್ಕ. ನನ್ನಲ್ಲಿ 60ರ ಮೇಲೆ ಹೋಗುತ್ತಿತ್ತು. ಏಪ್ರಿಲ್ ಮಧ್ಯಾಹ್ನ ಡ್ರೈಯರ್ ಟ್ರಿಪ್. ಟ್ರಿಪ್ ಆದದ್ದು ಯಾರಿಗೂ ಗೊತ್ತಾಗುವುದಿಲ್ಲ, ಗಾಳಿ ಅದರ ಮೂಲಕವೇ ಹಾಯುತ್ತಾ ಇರುತ್ತದೆ, ನೀರಿನ ಸಮೇತ. ಆಫ್ಟರ್ ಕೂಲರ್ ಹಾಕಿದ ಮೇಲೆ ಅದೇ ಡ್ರೈಯರ್ ಈಗ ನಾಲ್ಕನೇ ವರ್ಷ, ತೊಂದರೆ ಇಲ್ಲ.

ಬೆಳಿಗ್ಗೆ ಕಂಪ್ರೆಸರಿಗಿಂತ ಹತ್ತು ನಿಮಿಷ ಮೊದಲು ಡ್ರೈಯರ್ ಆನ್ ಮಾಡಿ, ಅದು ತಣ್ಣಗಾಗಲಿ. ಕರೆಂಟ್ ಹೋಗಿ ಬಂದರೆ ಕೂಡಲೇ ಶುರು ಮಾಡಬೇಡಿ, ಐದು ನಿಮಿಷ ಬಿಡಿ. ಮನೆಯ ಫ್ರಿಜ್ಜಿಗೆ ಮಾಡುವ ಹಾಗೆಯೇ.

ಮತ್ತೆ ಆಟೋ ಡ್ರೈನ್, ಅಂದರೆ ನೀರನ್ನು ತಾನಾಗಿ ಹೊರಬಿಡುವ ವಾಲ್ವ್. ಅದನ್ನು ಹಾಕಿದ ಮೇಲೆ ಮರೆತು ಬಿಡುತ್ತೇವೆ, ಅಲ್ಲೇ ತಪ್ಪುವುದು. ಒಮ್ಮೆ ನಮ್ಮ ಟ್ಯಾಂಕಿನ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ) ಡ್ರೈನ್ ಟಕ್ ಟಕ್ ಅಂತ ಸದ್ದು ಮಾಡುತ್ತಲೇ ಇತ್ತು, ಲೈಟೂ ಹತ್ತುತ್ತಿತ್ತು. ಆದರೆ ಒಳಗಿನ ಜಾಲರಿಗೆ ತುಕ್ಕಿನ ಪುಡಿ ಕಟ್ಟಿ ಹನಿ ನೀರೂ ಹೊರಗೆ ಬರುತ್ತಿರಲಿಲ್ಲ. ಪಕ್ಕದ ಬಾಲ್ ವಾಲ್ವ್ ತೆಗೆದಾಗ ಒಂದು ಬಕೆಟ್ ತುಂಬಿತು, ಹಾಲು ಬೆರೆಸಿದ ಕಾಫಿ ಬಣ್ಣದ ನೀರು, ಎಣ್ಣೆ ವಾಸನೆ. ಅಂದಿನಿಂದ ಪ್ರತಿ ಶನಿವಾರ ಜಾಲರಿ ಬಿಚ್ಚಿ ತೊಳೆಯುತ್ತೇವೆ. ಆ ಎಣ್ಣೆ ನೀರನ್ನು ಚರಂಡಿಗೆ ಬಿಡಬೇಡಿ ಮಾರಾಯ್ರೆ, ಡ್ರಮ್ಮಿನಲ್ಲಿ ಹಿಡಿದು ಹಳೆ ಎಣ್ಣೆಯ ಜೊತೆ ಕೊಡಿ.

ಉದ್ಯಮಬಾಗ, ಬೆಳಗಾವಿ

ಪೈಪಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳತೀನಿ ನೋಡ್ರಿ. ನಮ್ಮ ಶೆಡ್ಡಿನ ಹಳೆ ಲೈನ್ ಮಾಡಿದವರು ಮೇನ್ ಪೈಪಿನ ಕೆಳಗಡೆಯಿಂದಲೇ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಪ್ರತಿ ಮಷಿನ್ನಿಗೆ ಇಳಿಸಿದ್ದರು. ಪೈಪಿನ ತಳದಲ್ಲಿ ಹರಿಯುವ ನೀರೆಲ್ಲ ಸೀದಾ ಮಷಿನ್ನಿಗೆ! ನೀರಿಗೆ ದಾರಿ ಮಾಡಿಕೊಟ್ಟಂಗೆ ಆಗಿತ್ತು.

ಮೂರು ವರ್ಷದ ಹಿಂದೆ ಪೂರ್ತಿ ಬದಲಿಸಿದ್ವಿ. ಟೀಯನ್ನು ಮೇಲ್ಮುಖ ಮಾಡಿ, ಅಲ್ಲಿಂದ ಕೊಡೆಯ ಹಿಡಿಕೆಯಂಗೆ ಬಗ್ಗಿಸಿ ಕೆಳಗೆ ಇಳಿಸಿದ್ವಿ. ಮೇನ್ ಲೈನಿಗೆ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು, ಕಂಪ್ರೆಸರಿನಿಂದ ದೂರಕ್ಕೆ. ಇಳಿಜಾರಿನ ಕೊನೆಗೆ, ಮತ್ತ ಕೆಳಗಿಳಿಯುವ ಪ್ರತಿ ಪೈಪಿನ ತಳಕ್ಕೆ ಒಂದಡಿ ಪೈಪ್, ಅದರ ತುದಿಗೆ ಬಾಲ್ ವಾಲ್ವ್. ಮಷಿನ್ನಿಗೆ ಹೋಗುವ ಕನೆಕ್ಷನ್ ಆ ತುದಿಗಿಂತ ಮೇಲೆ, ಬದಿಯಿಂದ. ಬೆಳಿಗ್ಗೆ ಬಂದ ಹುಡುಗ ಮೊದಲು ಆ ವಾಲ್ವ್ ಒಂದೊಂದಾಗಿ ತೆಗೆದು ಊದಿಸುತ್ತಾನೆ, ಆಮೇಲೇ ಮಷಿನ್ ಆನ್.

ಹಳೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಒಂದನ್ನು ಕೊಯ್ದು ಒಳಗೆ ನೋಡಿದ್ವಿ. ತಳದ ಉದ್ದಕ್ಕೂ ಕೆಂಪು ತುಕ್ಕಿನ ಗಟ್ಟಿ ಪದರ, ಬೆರಳು ಹಾಕಿದರೆ ಪುಡಿ ಉದುರುತ್ತಿತ್ತು. ಅದೇ ಪುಡಿ ವಾಲ್ವುಗಳಿಗೆ ಹೋಗಿ ಜಾಬ್ ಹಿಡಿಯುವ ಚಕ್ ಸಿಲಿಂಡರ್ ಅಂಟುತ್ತಿತ್ತು. ಈಗ ಅಲ್ಯೂಮಿನಿಯಂ ಪೈಪ್. ತುಟ್ಟಿ, ಖರೆ. ಆದರೆ ಒಳಗೆ ಸ್ವಚ್ಛ ಇರ್ತದ.

ಕಡಿಮೆ ಖರ್ಚು ಅಂತ ಪಿವಿಸಿ ಪೈಪ್ ಮಾತ್ರ ಹಾಕಬೇಡ್ರಿ. ನೀರಿನ ಲೈನಿನಂಗೆ ಅಲ್ಲ ಇದು. ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರು ಚೂರಾಗಿ ಸಿಡಿಯುತ್ತದೆ, ಕಣ್ಣಿಗೆ ಬಂದರೆ ಮುಗೀತು.

ಇನ್ಸ್‌ಪೆಕ್ಷನ್ ವಿಭಾಗ, ಬೊಮ್ಮಸಂದ್ರ

ನಮ್ಮ ಅನುಭವ ಸ್ವಲ್ಪ ಬೇರೆ. ಶಾಪ್ ಫ್ಲೋರಿನಲ್ಲಿ ಎಲ್ಲೂ ನೀರಿಲ್ಲ, ಎಸಿ ಇರುವ ಇನ್ಸ್‌ಪೆಕ್ಷನ್ ರೂಮಿನಲ್ಲಿ ಮಾತ್ರ ನೀರು. ಗಾಳಿಯ ಹರಿವಿನಿಂದ ರಂಧ್ರದ ಅಳತೆ ತೆಗೆಯುವ ಏರ್ ಗೇಜ್ ರೀಡಿಂಗ್ ಕುಣಿಯುತ್ತಿತ್ತು. ಒಂದೇ ಬೋರನ್ನು ಮೂರು ಸಲ ಅಳೆದರೆ ಮೂರು ಅಳತೆ. ಗೇಜ್ ಹೊಂದಿಸುವ ಮಾಸ್ಟರ್ ರಿಂಗ್ ಸರಿಯಿಲ್ಲ ಅಂತ ಕ್ಯಾಲಿಬ್ರೇಷನ್‌ಗೂ ಕಳಿಸಿದ್ದೆವು.

ಹೊರಗೆ 32 ಡಿಗ್ರಿ, ರೂಮಿನಲ್ಲಿ 20. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿ ಹೊರಗೆ ಬೆವರುತ್ತದಲ್ಲ, ಇಲ್ಲಿ ಪೈಪ್ ಒಳಗಡೆ ಬೆವರುತ್ತಿತ್ತು. ಎಸಿ ಆಫ್ ಮಾಡಿದ ದಿನ ರೀಡಿಂಗ್ ಸರಿ ಬಂದಾಗ ಹೊಳೆಯಿತು. ಆ ಒಂದು ಲೈನಿಗೆ ಮಾತ್ರ ಸಣ್ಣ ಡ್ರೈಯರ್ ಹಾಕಿದೆವು, ನಿಂತಿತು. ಇಡೀ ಶಾಪಿಗೆ ಬೇಡ ಅನ್ನಿಸಿದರೆ ಹೀಗೂ ಮಾಡಬಹುದು.

ವಿಎಂಸಿ ಇದೆ ಅಂತ ಬರೆದಿದ್ದೀರಿ. ಅದರ ಸ್ಪಿಂಡಲ್ ಟೇಪರನ್ನು (ಟೂಲ್ ಕೂರುವ ಶಂಕುವಿನಾಕಾರದ ಗುಳಿಯನ್ನು) ಟೂಲ್ ಬದಲಿಸುವಾಗ ಊದೋದು ಇದೇ ಗಾಳಿ. ಟಾರ್ಚ್ ಹಿಡಿದು ಟೇಪರ್ ಒಳಗೆ ನೋಡಿ. ತುಕ್ಕಿನ ಕಲೆ ಕಂಡರೆ ಈ ವಿಷಯವನ್ನು ಮುಂದೂಡಬೇಡಿ. ಸ್ಪಿಂಡಲ್ ಬೇರಿಂಗ್ ಹೋದರೆ ಆಗುವ ಖರ್ಚಿನ ಮುಂದೆ ಡ್ರೈಯರ್ ಏನೂ ಅಲ್ಲ.

ಒಂದೇ ಲೇತ್ ಇಟ್ಟುಕೊಂಡವರು, ತುಮಕೂರು

ನನ್ನ ಹತ್ತಿರ ಡ್ರೈಯರಿಗೆ ದುಡ್ಡಿಲ್ಲ. ನಾನು ಮಾಡಿಕೊಂಡಿದ್ದು ಹೇಳ್ತೀನಿ. ಕಂಪ್ರೆಸರನ್ನು 10 ಬಾರ್‌ವರೆಗೆ ತುಂಬಿಸ್ತೀನಿ, ಅದರ ಮತ್ತು ಟ್ಯಾಂಕಿನ ಪ್ಲೇಟಿನಲ್ಲಿ ಅಷ್ಟು ಒತ್ತಡಕ್ಕೆ ಅಂತ ಬರೆದಿದೆ, ನಿಮ್ಮದರಲ್ಲಿ ನೋಡಿಕೊಂಡೇ ಮಾಡಿ. ಟ್ಯಾಂಕ್ ತಣ್ಣಗಾದ ಮೇಲೆ ರೆಗ್ಯುಲೇಟರಿನಲ್ಲಿ 6ಕ್ಕೆ ಇಳಿಸಿ ಬಳಸ್ತೀನಿ. ಜಾಸ್ತಿ ಒತ್ತಡದಲ್ಲಿ ಜಾಸ್ತಿ ನೀರು ಟ್ಯಾಂಕಿನಲ್ಲೇ ಬೀಳುತ್ತೆ, ಇಳಿಸಿದಾಗ ಗಾಳಿ ಹಿಗ್ಗಿ ಸ್ವಲ್ಪ ಒಣ ಆಗುತ್ತೆ. ಗಾಳಿ ಕಡಿಮೆ ಬಳಸುವವರಿಗೆ ಮಾತ್ರ ಇದು ಸರಿ. ಕರೆಂಟ್ ಸ್ವಲ್ಪ ಜಾಸ್ತಿ ಎಳೆಯುತ್ತೆ.

ಏರ್ ಗನ್ ಮುಂಚೆ ಒಂದು ಸಿಲಿಕಾ ಜೆಲ್ ಡಬ್ಬಿ ಇದೆ. ಕಿತ್ತಳೆ ಬಣ್ಣ ಹಸಿರಾದರೆ ತೆಗೆದು ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತೆ. ಅಡುಗೆಗೆ ಬಳಸುವ ಓವನ್ ಬೇಡ. ಅದಕ್ಕೆ ಮುಂಚೆ ಹನಿ ಹಿಡಿಯುವ ಫಿಲ್ಟರ್ ಇರಲೇಬೇಕು, ಇಲ್ಲ ಅಂದ್ರೆ ಅರ್ಧ ದಿನಕ್ಕೆ ಜೆಲ್ ಒದ್ದೆ.

ರಾತ್ರಿ ಹೋಗುವಾಗ ಟ್ಯಾಂಕಿನ ವಾಲ್ವ್ ಮುಚ್ಚಿ, ಲೈನಿನ ಗಾಳಿ ಬಿಟ್ಟು ಹೋಗಿ. ತುಂಬಿದ ಲೈನ್ ರಾತ್ರಿ ತಣ್ಣಗಾದರೆ ಬೆಳಿಗ್ಗೆ ಮೊದಲ ಜಾಬಿನ ಮೇಲೆ ನೀರು ಗ್ಯಾರಂಟಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಪೈಪ್ ಮುಟ್ಟಿದೆ, ಎರಡು ಸೆಕೆಂಡ್ ಕೂಡ ಕೈ ಇಡೋಕೆ ಆಗಲಿಲ್ಲ. ಫಿಲ್ಟರನ್ನು ಬಿಚ್ಚಿ ಗ್ರೈಂಡರ್ ಹತ್ತಿರ ಹಾಕಿದೆ. ಸಂಜೆ ಹೊತ್ತಿಗೆ ಬೌಲ್ ಮುಕ್ಕಾಲು ತುಂಬಿತ್ತು. ಟೇಪರ್ ಒಳಗೂ ನೋಡಿದೆ, ಅಂಚಿನಲ್ಲಿ ಸ್ವಲ್ಪ ಕಲೆ ಇದೆ, ಆಳಕ್ಕೆ ಇಳಿದಿಲ್ಲ. ಆಫ್ಟರ್ ಕೂಲರಿಗೆ ಹೇಳಿ ಬಂದೆ. ಒಂದು ಪ್ರಶ್ನೆ: ಬೌಲ್ ಒಳಗೆ ಜಿಡ್ಡು ಕಟ್ಟಿದೆ, ಥಿನ್ನರ್ ಹಾಕಿ ತೊಳೆಯಬಹುದಾ?

ಮೇಂಟೆನೆನ್ಸ್‌ನಲ್ಲಿ 22 ವರ್ಷ, ಬೆಂಗಳೂರು

ಬೇಡ ಬೇಡ. ಆ ಪಾರದರ್ಶಕ ಬೌಲ್ ಪಾಲಿಕಾರ್ಬೊನೇಟ್. ಥಿನ್ನರ್, ಪೆಟ್ರೋಲ್ ತಾಗಿದರೆ ಕಣ್ಣಿಗೆ ಕಾಣದ ಬಿರುಕು ಬಿಟ್ಟು ಒತ್ತಡದಲ್ಲಿ ಸಿಡಿಯುತ್ತೆ. ಗಾಳಿ ಬಂದ್ ಮಾಡಿ, ಒತ್ತಡ ಬಿಟ್ಟು, ಬೌಲ್ ಬಿಚ್ಚಿ ಉಗುರು ಬೆಚ್ಚಗಿನ ಸೋಪ್ ನೀರಿನಲ್ಲಿ ತೊಳೆಯಿರಿ. ಈಗಾಗಲೇ ಮಸುಕಾಗಿ ಕೂದಲಿನಂಥ ಗೆರೆ ಕಂಡರೆ ಬೌಲ್ ಬದಲಿಸಿ, ಲೋಹದ ಗಾರ್ಡ್ ಇರೋದನ್ನೇ ತಗೊಳ್ಳಿ.