ಕಂಕುಳ 36.9, ಒಳಗಿನ 38.1: ಯಾವುದನ್ನ ನಂಬೋದು?

ತಂಗಿ, ಟೈಪ್ ಮಾಡ್ತಾ ಕೂತ್ರೆ ಬೆಳಗಾಗುತ್ತೆ, ಅದಕ್ಕೆ ಮಾತಲ್ಲೇ ಹೇಳಿಬಿಡ್ತೀನಿ. ಈ ಗ್ರೂಪಲ್ಲಿ ಐಸಿಯು ಡ್ಯೂಟಿಗೆ ಹೊಸದಾಗಿ ಬಂದಿರೋರೂ ಕೇಳಿಸ್ಕೊಳ್ಳಿ. ನೀನು ಹಾಕಿದ ಮೆಸೇಜ್ ಇಷ್ಟು: ಹೃದಯ ನಿಂತು, ಸಿಪಿಆರ್ (ಎದೆ ಒತ್ತೋ ಚಿಕಿತ್ಸೆ) ಆಗಿ ಮತ್ತೆ ಶುರುವಾದ ಪೇಷೆಂಟ್, ವೆಂಟಿಲೇಟರ್ ಮೇಲಿದ್ದಾರೆ, ಎಚ್ಚರ ಇಲ್ಲ. ಟೆಂಪರೇಚರ್ ಕಂಕುಳಲ್ಲಿ 36.9 ಡಿಗ್ರಿ, ಮೂತ್ರದ ಕ್ಯಾಥೆಟರ್‌ನ (ಮೂತ್ರಕೋಶಕ್ಕೆ ಹಾಕಿರೋ ನಳಿಕೆಯ) ಪ್ರೋಬ್‌ನಲ್ಲಿ, ಅಂದ್ರೆ ಒಳಗಿನ ಬಿಸಿ ಅಳೆಯೋ ತಂತಿಲಿ, 38.1. ಆರ್ಡರ್‌ನಲ್ಲಿ 37.5 ದಾಟಬಾರದು ಅಂತಿದೆ, ಗೋಡೆ ಮೇಲಿನ ಹಳೇ ಚಾರ್ಟಲ್ಲಿ ಮೆದುಳು ಉಳಿಸೋಕೆ 33ಕ್ಕೆ ಇಳಿಸಿ ಅಂತಿದೆ. ಕೂಲಿಂಗ್ ಬ್ಲಾಂಕೆಟ್ (ಮೆಷಿನ್ ನೀರು ಹರಿಸಿ ಮೈ ತಣ್ಣಗೆ ಮಾಡೋ ಹೊದಿಕೆ) ಹಾಕಿದ್ರೆ ನಡುಗ್ತಿದ್ದಾರೆ.

ಮೊದಲು ಪ್ರೋಬ್ ವಿಷಯ. ಕಂಕುಳದ್ದನ್ನ ಮರೆತುಬಿಡು. ಈ ಪೇಷೆಂಟ್‌ಗೆ ಬಿಪಿ ಏರಿಸೋ ನಾರ್‌ಅಡ್ರಿನಲಿನ್ ಓಡ್ತಿರುತ್ತೆ, ಮೇಲಿಂದ ತಣ್ಣನೆ ಬ್ಲಾಂಕೆಟ್ ಬೇರೆ, ಚರ್ಮದ ರಕ್ತನಾಳ ಎಲ್ಲ ಮುದುಡಿಕೊಂಡಿರುತ್ತೆ. ಹೊರಗೆ ತಣ್ಣಗೆ, ಒಳಗೆ ಬೆಂಕಿ. ಹಣೆಗೆ ಹಿಡಿಯೋ ಗನ್ನೂ ಅಷ್ಟೇ. ಅನ್ನನಾಳದ ಪ್ರೋಬ್ ಇದ್ರೆ ಅದೇ ಒಳ್ಳೇದು. ತುದಿ ಅನ್ನನಾಳದ ಕೆಳಭಾಗದಲ್ಲಿ, ಹೃದಯದ ಹಿಂದೆ ಇರಬೇಕು, ಎಕ್ಸ್‌ರೇಲಿ ನೋಡ್ಕೋ. ಮೇಲೇ ನಿಂತಿದ್ರೆ ಶ್ವಾಸನಾಳದ ಗಾಳಿಯಿಂದ ತಪ್ಪು ತೋರಿಸುತ್ತೆ. ಮೂತ್ರಕೋಶದ ಪ್ರೋಬ್ ಚೆನ್ನಾಗೇ ಕೆಲಸ ಮಾಡುತ್ತೆ, ಆದ್ರೆ ಮೂತ್ರ ಹರೀತಿರಬೇಕು. ಮೂತ್ರ ಕಮ್ಮಿಯಾದ್ರೆ ಅದರ ನಂಬರ್ ನಿಜವಾದ ಟೆಂಪರೇಚರ್‌ಗಿಂತ ಹಿಂದೆ ಬೀಳುತ್ತೆ. ಗುದದ್ದು ಇನ್ನೂ ನಿಧಾನ, ಜೊತೆಗೆ ಜಾರಿ ಹೊರಗೆ ಬರುತ್ತೆ. ಜಾರಿದ್ರೆ ಏನಾಗುತ್ತೆ ಗೊತ್ತಾ? ಪ್ರೋಬ್ ಹಾಸಿಗೆ ಮೇಲಿನ 30 ಡಿಗ್ರಿ ತೋರಿಸುತ್ತೆ, ಮೆಷಿನ್ 'ಅಯ್ಯೋ ತಣ್ಣಗಾಗಿಬಿಟ್ರು' ಅಂತ ಬಿಸಿನೀರು ಹರಿಸೋಕೆ ಶುರು ಮಾಡುತ್ತೆ. ಅದಕ್ಕೇ ಸಾಧ್ಯವಾದ್ರೆ ಎರಡು ಜಾಗದ ಪ್ರೋಬ್ ಇಡ್ಬೇಕು, ಒಂದು ಮೆಷಿನ್‌ಗೆ, ಇನ್ನೊಂದು ಮಾನಿಟರ್‌ಗೆ. ಎರಡರ ನಡುವೆ ಒಂದು ಡಿಗ್ರಿ ವ್ಯತ್ಯಾಸ ಬಂದ್ರೆ ನಂಬರ್‌ನ ಬಿಟ್ಟು ಪ್ರೋಬ್‌ನ ಹೋಗಿ ನೋಡು.

ಇನ್ನು 33ರ ಚಾರ್ಟ್. ಅದು ಸುಳ್ಳಲ್ಲ, ಹಳೇದು. 2002ರಲ್ಲಿ ಯುರೋಪ್ ಮತ್ತು ಆಸ್ಟ್ರೇಲಿಯಾದ ಎರಡು ಅಧ್ಯಯನದಲ್ಲಿ 32ರಿಂದ 34 ಡಿಗ್ರಿಗೆ ಇಳಿಸಿದವರಲ್ಲಿ ಮೆದುಳಿನ ಸ್ಥಿತಿ ಚೆನ್ನಾಗಿ ಕಂಡಿತ್ತು. ಆದ್ರೆ ಹೋಲಿಸಿದ ಗುಂಪಿನವರಿಗೆ ಜ್ವರ ಬಂದಾಗ ಬಿಗಿಯಾಗಿ ತಡೆದಿರಲಿಲ್ಲ, ಅಲ್ಲೇ ಅನುಮಾನ ಹುಟ್ಟಿದ್ದು. 2013ರಲ್ಲಿ 33ಕ್ಕೂ 36ಕ್ಕೂ ವ್ಯತ್ಯಾಸ ಸಿಗಲಿಲ್ಲ. 2021ರಲ್ಲಿ ಸುಮಾರು 1900 ಜನರಲ್ಲಿ 33ನ್ನ, ಬರೀ ಜ್ವರ ತಡೆಯೋದರ ಜೊತೆ ಹೋಲಿಸಿದ್ರು. ಆರು ತಿಂಗಳಲ್ಲಿ ಸಾವು 50% ಮತ್ತು 48%, ಅಂದ್ರೆ ಲಾಭ ಇಲ್ಲ. 33ರವರಲ್ಲಿ ಬಿಪಿ ಬೀಳಿಸುವಂಥ ಹೃದಯದ ತಾಳ ತಪ್ಪೋದು ಮಾತ್ರ ಜಾಸ್ತಿ, 24% ಎದುರು 17%. ಇದನ್ನ ಕೇಳಿ 'ಹಾಗಾದ್ರೆ ಏನೂ ಮಾಡ್ಬೇಕಿಲ್ಲ' ಅನ್ನೋರಿದ್ದಾರೆ, ಅದು ತಪ್ಪು. ಜ್ವರ ತಡೆಯೋ ಗುಂಪಿನಲ್ಲೇ ಅರ್ಧಕ್ಕೆ ಹತ್ತಿರದಷ್ಟು ಜನಕ್ಕೆ ಮೆಷಿನ್ ಹಾಕಲೇಬೇಕಾಯ್ತು. 2019ರಲ್ಲಿ, ಶಾಕ್ ಕೊಡೋಕಾಗದ ರಿದಮ್ (ಕರೆಂಟ್ ಶಾಕಿಗೆ ಸರಿಹೋಗದ ಹೃದಯದ ತಾಳ) ಇದ್ದವರಲ್ಲಿ 33 ಸ್ವಲ್ಪ ಉಪಯೋಗ ಅಂತ ಒಂದು ಅಧ್ಯಯನ ಬಂತು. ಹಾಗಾಗಿ ಕೆಲವು ಡಾಕ್ಟರು ಈಗಲೂ 33 ಆರಿಸ್ತಾರೆ, ಅದು ಅವರ ತೀರ್ಮಾನ. ನಿನ್ನ ಆರ್ಡರ್ 37.5 ಅಂದಮೇಲೆ ನೀನು ಗೋಡೆ ನೋಡಬೇಡ.

ಹೀಗೆ ಜ್ವರ ತಡೆಯೋದು ಎಷ್ಟು ಹೊತ್ತು ಅಂದ್ರೆ, ಕನಿಷ್ಠ 36 ಗಂಟೆ, ಎಚ್ಚರ ಬರದಿದ್ರೆ 72 ಗಂಟೆವರೆಗೂ ಇಡೋ ಆಸ್ಪತ್ರೆಗಳು ಬಹಳ. ಅಂದಹಾಗೆ, ಬಂದಾಗಲೇ 35ರಲ್ಲಿದ್ರೆ ಗಾಬರಿಯಿಂದ ಬಿಸಿ ಬ್ಲಾಂಕೆಟ್ ಹೊದಿಸಬೇಡ, ತಾನಾಗಿ ನಿಧಾನಕ್ಕೆ ಏರಲಿ.

ಈಗ ನಡುಕ. ಇದೇ ನಿಜವಾದ ಕೆಲಸ. ನಡುಕ ಅಂದ್ರೆ ದೇಹ ಬಿಸಿ ಹುಟ್ಟಿಸೋಕೆ ಸ್ನಾಯುಗಳನ್ನ ದುಡಿಸ್ತಿದೆ. ಆಮ್ಲಜನಕದ ಖರ್ಚು ಎರಡು ಪಟ್ಟಾಗಬಹುದು, ಮೆದುಳಿಗೆ ಉಳಿಸೋಣ ಅಂದಿದ್ದೆಲ್ಲ ಅಲ್ಲೇ ಹೋಯ್ತು. ಕಣ್ಣಿಗೆ ಕಾಣೋವರೆಗೂ ಕಾಯಬೇಡ. ನಿನ್ನ ಅಂಗೈಯನ್ನ ಪೇಷೆಂಟ್‌ನ ದವಡೆ, ಕುತ್ತಿಗೆ, ಎದೆ ಮೇಲಿಡು. ಇಸಿಜಿ ಗೆರೆ ಸಣ್ಣಗೆ ಜುಮುಜುಮು ಅನ್ನುತ್ತೆ, ಅದೂ ಸುಳಿವು. ಏನೂ ಇಲ್ಲ ಅಂದ್ರೆ 0, ಕುತ್ತಿಗೆ ಎದೆ ಮಾತ್ರ ಅಂದ್ರೆ 1, ತೋಳೂ ಸೇರಿದ್ರೆ 2, ಮೈಯೆಲ್ಲ ನಡುಗಿದ್ರೆ 3 ಅಂತ ಗಂಟೆಗೊಮ್ಮೆ ಬರೀ.

ಕೈಗೆ ಗ್ಲೌಸು, ಕಾಲಿಗೆ ಸಾಕ್ಸು ಹಾಕಿ ಬೆಚ್ಚಗಿಡು, ಮುಖಕ್ಕೂ ಬೆಚ್ಚನೆ ಬಟ್ಟೆ. ಹೊಟ್ಟೆ ತೊಡೆ ತಣ್ಣಗಿಟ್ಟು ಕೈಕಾಲು ಬೆಚ್ಚಗಿಡೋದು ತಮಾಷೆ ಅನ್ಸುತ್ತೆ, ಆದ್ರೆ 'ಚಳಿ' ಅಂತ ಮೆದುಳಿಗೆ ಸುದ್ದಿ ಕೊಡೋದು ಚರ್ಮ. ಪ್ಯಾರಸಿಟಮಾಲ್ 1 ಗ್ರಾಂ ಆರು ಗಂಟೆಗೊಮ್ಮೆ, ಲಿವರ್ ರಿಪೋರ್ಟ್ ನೋಡ್ಕೊಂಡು. ಅದೊಂದರಿಂದಲೇ ನಿಲ್ಲಲ್ಲ. ಆಮೇಲೆ ಮೆಗ್ನೀಷಿಯಂ, ಫೆಂಟನಿಲ್ (ನೋವಿನ ಔಷಧಿ), ಪ್ರೊಪೊಫಾಲ್ (ನಿದ್ರೆ ಔಷಧಿ) ಹೆಚ್ಚಿಸೋದು, ಬಿಪಿ ಬೀಳುತ್ತೆ ನೋಡ್ಕೋ. ಡೆಕ್ಸ್‌ಮೆಡೆಟೊಮಿಡಿನ್ (ಅದೂ ಮಂಪರು ಔಷಧಿನೇ) ಕೊಟ್ರೆ ನಾಡಿ ಇಳಿಯುತ್ತೆ. ಸ್ನಾಯು ಸಡಿಲಿಸೋ ಔಷಧಿ ಕೊನೆಗೆ. ಅದು ನಡುಕ ನಿಲ್ಲಿಸುತ್ತೆ ನಿಜ, ಆದ್ರೆ ಫಿಟ್ಸ್ ಬಂದ್ರೂ ಗೊತ್ತಾಗಲ್ಲ. ಅದನ್ನ ಹಾಕಿದ್ರೆ ಇಇಜಿ (ಮೆದುಳಿನ ಅಲೆ ತೋರಿಸೋ ಪರೀಕ್ಷೆ) ಇರಲೇಬೇಕು, ನಿದ್ರೆ ಔಷಧಿನೂ ನಿಲ್ಲಿಸಬಾರದು. ಇನ್ನೊಂದು, ಮುಖ ಕಣ್ಣು ಝಟ್ ಝಟ್ ಅಂತ ಎಳೀತಿದ್ರೆ ಅದು ನಡುಕ ಅಲ್ಲದೇ ಇರಬಹುದು. ವಿಡಿಯೋ ಮಾಡಬೇಡ, ಡಾಕ್ಟರನ್ನ ಕರೆ.

ಮೆಷಿನ್ ಇಲ್ಲದ ಕಡೆಯವರಿಗೆ: ಐಸ್‌ಪ್ಯಾಕ್‌ನ ಬಟ್ಟೆಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ, ಚರ್ಮ ಆಗಾಗ ನೋಡಿ. ಐಸ್‌ಗೆ ಬುದ್ಧಿ ಇಲ್ಲ, ಗುರಿ ದಾಟಿ ಕೆಳಗೆ ಇಳಿಸಿಬಿಡುತ್ತೆ, ಗುರಿಗಿಂತ ಸ್ವಲ್ಪ ಮೇಲಿರುವಾಗಲೇ ತೆಗೆದುಬಿಡಿ. ತಣ್ಣನೆ ಸಲೈನ್ ಆಂಬುಲೆನ್ಸಲ್ಲೇ ಲೀಟರ್‌ಗಟ್ಟಲೆ ಬಿಡೋ ಅಭ್ಯಾಸ ಇದ್ರೆ ಬಿಟ್ಟುಬಿಡಿ. 2014ರಲ್ಲೇ ಗೊತ್ತಾಯ್ತು, ಅದರಿಂದ ಹೃದಯ ಮತ್ತೆ ನಿಲ್ಲೋದು, ಶ್ವಾಸಕೋಶಕ್ಕೆ ನೀರು ತುಂಬೋದು ಜಾಸ್ತಿ.

33 ಆರಿಸಿದ್ದರೆ ಪೊಟ್ಯಾಸಿಯಂ ಮೇಲೆ ಕಣ್ಣಿಡಿ. ಇಳಿಸುವಾಗ ಅದು ಇಳಿಯುತ್ತೆ, ಏರಿಸುವಾಗ ಜಿಗಿಯುತ್ತೆ. ಕಮ್ಮಿ ಅಂತ ಸುರೀತಾ ಇದ್ರೆ ಬಿಸಿ ಮಾಡೋ ಹೊತ್ತಿಗೆ ಅಪಾಯ. ಟೆಂಪರೇಚರ್ ಏರಿಸೋದು ಗಂಟೆಗೆ 0.25ರಿಂದ 0.5 ಡಿಗ್ರಿ. 0.25ರ ಲೆಕ್ಕದಲ್ಲಿ 33ರಿಂದ 37ಕ್ಕೆ 16 ಗಂಟೆ.

ಮೆಷಿನ್ ಹಾಕಿದ ಮೇಲೆ ಪೇಷೆಂಟ್‌ಗೆ ಜ್ವರ ಕಾಣೋದೇ ಇಲ್ಲ, ಮೆಷಿನ್ ಮುಚ್ಚಿಹಾಕಿರುತ್ತೆ. ಅದಕ್ಕೆ ನೀರಿನ ಟೆಂಪರೇಚರ್ ನೋಡು. ಮೈ 37.3ರಲ್ಲೇ ಇದ್ದು ನೀರು 20ರಿಂದ 10ಕ್ಕೆ ಇಳೀತಿದೆ ಅಂದ್ರೆ ಒಳಗೆ ಏನೋ ಕಾದಿದೆ, ಬಹಳ ಸಲ ನ್ಯುಮೋನಿಯಾ. ಡಾಕ್ಟರಿಗೆ ಹೇಳಿ ಕಲ್ಚರ್ (ಸೋಂಕು ಹುಡುಕೋ ಪರೀಕ್ಷೆ) ಕಳಿಸ್ಬೇಕು. ಮೆಷಿನ್ ತೆಗೆದ ಮೇಲೂ ಜ್ವರ ನುಗ್ಗುತ್ತೆ, ಪ್ರೋಬ್ ಮಾತ್ರ ತಕ್ಷಣ ತೆಗೀಬೇಡ.

ಈಗ ನೀನು ಮಾಡೋದು: ಯೂರಿನ್ ಬ್ಯಾಗ್ ನೋಡು, ಹರೀತಿದ್ರೆ 38.1 ನಿಜ. ಡಾಕ್ಟರಿಗೆ ಹೇಳು, ಗ್ಲೌಸು ಸಾಕ್ಸು ಹಾಕು, ಚಾರ್ಟಲ್ಲಿ ನಂಬರ್ ಪಕ್ಕ 'ಮೂತ್ರಕೋಶ' ಅಂತ ಬರೀ.