ಪದ ಬೇಕು: ಕಡಲೆ ಆದ ಹೊಲದ ಗೋವಿನಜೋಳ ಮತ್ತು ‘ನೈಟ್ರೋಜನ್ ಕ್ರೆಡಿಟ್’

ಬ. ಹಾವೇರಿ:
ನಮಸ್ಕಾರ. ಕ್ಷೇತ್ರೋತ್ಸವದ ಫಲಕವೊಂದು ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ವಿಷಯ: ಹಿಂಗಾರಿನಲ್ಲಿ ಕಡಲೆ ತೆಗೆದ ಹೊಲಕ್ಕೆ ಮುಂಗಾರಿನಲ್ಲಿ ಗೋವಿನಜೋಳ (ಮೆಕ್ಕೆಜೋಳ) ಬಿತ್ತಿದರೆ ಯೂರಿಯಾ ಎಷ್ಟು ಇಳಿಸಬಹುದು, ಬಿಳಿಜೋಳ ಅಥವಾ ಗೋಧಿ ತೆಗೆದಿದ್ದರೆ ಏಕೆ ಇಳಿಸಬಾರದು. ಮೂರು ಪದಗಳು ತೊಡಕಾಗಿವೆ: ಪ್ರಿಸೀಡಿಂಗ್ ಕ್ರಾಪ್ (ಅದೇ ಹೊಲದಲ್ಲಿ ಮೊದಲು ತೆಗೆದ ಬೆಳೆ), ನೈಟ್ರೋಜನ್ ಕ್ರೆಡಿಟ್ (ಆ ಬೆಳೆಯಿಂದಾಗಿ ಗೊಬ್ಬರದಲ್ಲಿ ಇಳಿಸಬಹುದಾದ ಸಾರಜನಕ), ಇಮ್ಮೊಬಿಲೈಸೇಶನ್ (ಕೂಳೆ ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕ ಎಳೆದುಕೊಳ್ಳುವುದು). ಕೈಗೆ ಬಂದ ಕರಡಿನಲ್ಲಿ ‘ಪೂರ್ವಭಾವಿ ಬೆಳೆ’, ‘ಸಾರಜನಕ ಸಾಲ’, ‘ನಿಶ್ಚಲೀಕರಣ’ ಎಂದಿದೆ. ಓದಿದ ರೈತರು ಸೊಸೈಟಿ ಸಾಲದ ಫಲಕ ಅಂದುಕೊಳ್ಳುತ್ತಾರೆ.

ಗು. ಮೈಸೂರು:
‘ಸಾಲ’ ಈಗಲೇ ಕಿತ್ತುಹಾಕಿ, ಅರ್ಥವೇ ತಲೆಕೆಳಗಾಗಿದೆ. ‘ಪೂರ್ವಭಾವಿ’ ಸಭೆಗಳಿಗಿರಲಿ. ಮೊದಲನೆಯದಕ್ಕೆ ‘ಮುಂಬೆಳೆ’ ಎನ್ನಿ, ಅಚ್ಚಗನ್ನಡ. ಹಾಗೆಯೇ ‘ಮುಸುಕಿನಜೋಳ’ ಎಂದು ಬರೆಯಿರಿ. ‘ಗೋವಿನಜೋಳ’ ಗೋವೆಯಿಂದ ಬಂದ ಜೋಳ, ಪೋರ್ಚುಗೀಸರ ಗುರುತು.

ಶಿ. ಧಾರವಾಡ:
ಗೋವೆಯದಾಗಿದ್ದರೆ ‘ಗೋವೆಜೋಳ’ ಆಗಬೇಕಿತ್ತು. ‘ಗೋವಿನ’ ಎಂಬ ಷಷ್ಠಿ ಹಸುವಿನದು. ಫಲಕ ನಿಲ್ಲುವುದು ಹಾವೇರಿಯಲ್ಲಿ, ಅಲ್ಲಿ ಮುಸುಕಿನಜೋಳ ಅಂದರೆ ಬೇರೆ ಬೀಜವೇ ಬಂತೇನೋ ಅಂದಾರು.

‘ಮುಂಬೆಳೆ’ ಅಪಾಯ. ‘ಮುಂಗಾರು’ ಎಂಬಲ್ಲಿ ಮುನ್ ಅಂದರೆ ಮೊದಲು ಬರುವುದು, ‘ಮುಂದಿನ ವರ್ಷ’ ಎಂಬಲ್ಲಿ ಆಮೇಲೆ ಬರುವುದು. ಹಿನ್ ಕೂಡ ಹಾಗೆಯೇ: ಹಿಂಗಾರು ಆಮೇಲಿನದು, ಹಿಂದಿನ ವರ್ಷ ಮೊದಲಿನದು. ಈ ಫಲಕದಲ್ಲಿ ಹಿಂಗಾರಿಯೇ ಮೊದಲಿನ ಬೆಳೆ ಬೇರೆ! ಮುಂಬೆಳೆ, ಹಿಂಬೆಳೆ ಎರಡನ್ನೂ ಅರ್ಧ ಜನ ಉಲ್ಟಾ ಓದುತ್ತಾರೆ. ‘ಕಡಲೆ ಆದ ಹೊಲ’, ‘ಜೋಳ ಆದ ಹೊಲ’. ಇಷ್ಟೇ ಸಾಕು.

ರಂ. ಬೆಂಗಳೂರು:
ಕ್ರೆಡಿಟ್‌ಗೆ ‘ಜಮೆ’ ಅಲ್ಲದೆ ಇನ್ನೇನು? ‘ಸಾರಜನಕ ಜಮೆ’.

ಗು. ಮೈಸೂರು:
ಜಮೆ ಅರಬ್ಬಿ. ಬೇಡ. ‘ಉಳಿಕೆ’ ಎನ್ನಿ.

ಮ. ರಾಯಚೂರು:
ಪದ ಆರಿಸುವ ಮೊದಲು ಹೊಲದಲ್ಲಿ ಆಗುವುದೇನೆಂದು ನೋಡೋಣ, ಏಕೆಂದರೆ ‘ಜಮೆ’, ‘ಉಳಿಕೆ’ ಎರಡೂ ತಪ್ಪು ತಿಳಿವಳಿಕೆ ಕೊಡುತ್ತವೆ.

ಕಡಲೆ ಗಾಳಿಯ ಸಾರಜನಕ ಹಿಡಿಯುತ್ತದೆ, ನಿಜ. ಆದರೆ ಅದರ ದೊಡ್ಡ ಪಾಲು ಕಾಳಿನಲ್ಲಿ ಮಾರುಕಟ್ಟೆಗೆ ಹೋಗುತ್ತದೆ. ಗಿಡವನ್ನು ಬೇರುಸಹಿತ ಕಿತ್ತು ಕಣಕ್ಕೆ ಹೊತ್ತರೆ ಹೊಟ್ಟೂ ಹೋಯಿತು. ಹೊಲಕ್ಕೆ ದಕ್ಕುವುದು ಉದುರಿದ ಎಲೆ, ಮಣ್ಣಲ್ಲಿ ತುಂಡಾಗಿ ಉಳಿದ ಬೇರು. ಯಂತ್ರದಲ್ಲಿ ಕೊಯ್ದು ಹೊಟ್ಟನ್ನು ಅಲ್ಲೇ ಚೆಲ್ಲಿದರೆ ಇನ್ನಷ್ಟು.

ಹಾಗಿದ್ದರೂ ದೆಹಲಿಯ ಹಳೆಯ ಪ್ರಯೋಗಗಳಲ್ಲಿ ಚಳಿಗಾಲದ ಕಡಲೆಯ ನಂತರದ ಮೆಕ್ಕೆಜೋಳಕ್ಕೆ ಸಿಕ್ಕ ಲಾಭ ಹೆಕ್ಟೇರಿಗೆ 60–70 ಕಿಲೋ ಸಾರಜನಕ ಕೊಟ್ಟಷ್ಟಕ್ಕೆ ಸಮ ಎಂದು ಬಂದಿದೆ. ಚನ್ನಂಗಿ (ಮಸೂರ) ನಂತರ 18–30 ಮಾತ್ರ. ‘ಕೊಟ್ಟಷ್ಟಕ್ಕೆ ಸಮ’ ಎಂಬ ಮಾತನ್ನು ಗಮನಿಸಿ. ಅಷ್ಟೂ ಮಣ್ಣಲ್ಲಿ ಕೂತಿತ್ತು ಎಂದಲ್ಲ. ಅದರಲ್ಲಿ ಒಂದು ಪಾಲು, ಗೋಧಿ ಕೂಳೆ ನುಂಗುವುದನ್ನು ಕಡಲೆ ಎಲೆ ನುಂಗಲಿಲ್ಲ ಎಂಬುದೇ.

ಗೋಧಿ ಹುಲ್ಲಿನಲ್ಲಿ ಇಂಗಾಲ–ಸಾರಜನಕ ಅನುಪಾತ 80:1ರ ಆಸುಪಾಸು. ಸುಮಾರು 25:1ಕ್ಕಿಂತ ಕೆಳಗಿದ್ದರೆ ಕೊಳೆಯುವಾಗ ಸಾರಜನಕ ಬಿಡುಗಡೆಯಾಗುತ್ತದೆ. ಅದಕ್ಕಿಂತ ಬಹಳ ಮೇಲಿದ್ದರೆ ಸೂಕ್ಷ್ಮಜೀವಿಗಳು ಕೊರತೆ ತುಂಬಲು ಮಣ್ಣಿನ ನೈಟ್ರೇಟನ್ನೇ, ನೀವು ಹಾಕಿದ ಯೂರಿಯಾವನ್ನೂ ಎಳೆದುಕೊಳ್ಳುತ್ತವೆ. ಜೋಳದ ಕೂಳೆಯನ್ನು ಬೇಸಿಗೆಯಲ್ಲಿ ಬಿಟ್ಟು ಬಿತ್ತನೆಗೆ ವಾರ ಇರುವಾಗ ಹರಗಿ ಮುಚ್ಚಿದರೆ ಮೊಣಕಾಲುದ್ದದ ಪೈರು ಹಳದಿಯಾಗುತ್ತದೆ. ಕೆಳಗಿನ ಎಲೆ ತುದಿಯಿಂದ ನಡುನರದ ಗುಂಟ ‘ವಿ’ ಆಕಾರದಲ್ಲಿ ಒಣಗುತ್ತ ಬಂದರೆ ಸಾರಜನಕದ ಕೊರತೆ. ಅಂಚಿನಿಂದ ಒಣಗಿದರೆ ಪೊಟ್ಯಾಷ್ ಕೊರತೆ, ಅದಕ್ಕೆ ಯೂರಿಯಾ ಸುರಿಯಬೇಡಿ.

ಶಿ. ಧಾರವಾಡ:
ಅಂದಮೇಲೆ ಇಮ್ಮೊಬಿಲೈಸೇಶನ್‌ಗೆ ‘ತಡೆಹಿಡಿ’ ಸರಿ. ಸಂಬಳ ತಡೆಹಿಡಿದ ಹಾಗೆ: ಕಳೆದುಹೋಗಿಲ್ಲ, ಬೇಕಾದಾಗ ಸಿಗುತ್ತಿಲ್ಲ. ‘ನಿಶ್ಚಲೀಕರಣ’ ಅಂದರೆ ಕಾಲಿಗೆ ಪಟ್ಟಿ ಕಟ್ಟಿದ ಹಾಗೆ ಕೇಳಿಸುತ್ತದೆ.

ಕ್ರೆಡಿಟ್‌ಗೆ ‘ಮುರಿದುಕೊಳ್ಳು’. ಸಂಬಳದಲ್ಲಿ ಮುರಿದುಕೊಂಡರು, ಬಾಕಿಗೆ ಮುರಿದುಕೊಂಡರು ಅನ್ನುತ್ತೇವಲ್ಲ. ಮಣ್ಣಲ್ಲಿ ಏನಿದೆ ಎಂಬ ಗೊಡವೆ ಇಲ್ಲ, ಲೆಕ್ಕದಲ್ಲಿ ಎಷ್ಟು ಇಳಿಸಬೇಕು ಎಂಬುದಷ್ಟೇ.

ಗು. ಮೈಸೂರು:
ಹಾಗಾದರೆ ‘ಮುರಿಕೆ’. ‘ಸಾರಜನಕ’ವೂ ಸಂಸ್ಕೃತ, ಅದನ್ನೂ ಬದಲಿಸಬೇಕು.

ರಂ. ಬೆಂಗಳೂರು:
ಬದಲಿಸಿ ಸ್ವಾಮಿ. ಜೊತೆಗೆ ರೈತ, ಜಮೀನು, ಫಸಲು, ಖುಷ್ಕಿ ಎಲ್ಲ ಬಿಡಿ, ಅವೂ ಅರಬ್ಬಿ-ಪಾರಸಿಯವೇ. ಆಮೇಲೆ ಫಲಕದಲ್ಲಿ ಬಿಳಿ ಬಣ್ಣ ಮಾತ್ರ ಉಳಿಯುತ್ತದೆ.

ಗು. ಮೈಸೂರು:
ಬಳಕೆಯಲ್ಲಿರುವುದನ್ನು ಬಿಡಿ ಎಂದವರಾರು? ಹೊಸದಾಗಿ ಕಟ್ಟುವಾಗಲಾದರೂ ಕನ್ನಡದ ಬೇರು ನೋಡಿ ಎಂದೆ. ಉಡಾಫೆ ಬೇಡ.

ಶಿ. ಧಾರವಾಡ:
‘ಮುರಿಕೆ’ ಯಾರ ಬಾಯಲ್ಲೂ ಇಲ್ಲ. ಫಲಕಕ್ಕೆ ನಾಮಪದವೇ ಬೇಕೆಂಬ ಹಟ ಇಂಗ್ಲಿಷಿನದು, ನಮಗೆ ಕ್ರಿಯಾಪದ ಸಾಕು. ಅದನ್ನೂ ಅಚ್ಚಗನ್ನಡದ ಅಭಿಮಾನಿಗಳೇ ಮರೆಯುತ್ತಾರೆ.

ಬ. ಹಾವೇರಿ:
ಜಗಳ ಆಮೇಲೆ ಮುಂದುವರಿಸಿ, ನನಗೆ ಅಂಕಿ ಬೇಕು. ಮ. ಅವರೇ, 60–70 ಎಂದೇ ಹಾಕಲೆ?

ಮ. ರಾಯಚೂರು:
ಖಂಡಿತ ಬೇಡ. ಮೊದಲನೆಯದು, ಅದು ಹೆಕ್ಟೇರಿನ ಲೆಕ್ಕ. ಎಕರೆಗೆ ಅಷ್ಟು ಇಳಿಸಿದರೆ ಬೆಳೆಗೆ ಏನೂ ಉಳಿಯುವುದಿಲ್ಲ. ಎರಡನೆಯದು, ಅಲ್ಲಿಯ ಮಣ್ಣು, ನೀರು ಬೇರೆ. ನಮ್ಮ ಎರೆಯಲ್ಲಿ (ಕಪ್ಪು ಮಣ್ಣಿನಲ್ಲಿ) ಕಡಲೆ ಇಬ್ಬನಿ ಮತ್ತು ಉಳಿದ ಹಸಿಯ ಮೇಲೆ ಬರುವ ಬೆಳೆ. ಜೊತೆಗೆ ಫೆಬ್ರವರಿ ಕೊಯ್ಲಿಗೂ ಜೂನ್ ಬಿತ್ತನೆಗೂ ನಾಲ್ಕು ತಿಂಗಳ ಅಂತರ. ಅಡ್ಡಮಳೆಗೆ ಎಲೆ ಕೊಳೆತು ನೈಟ್ರೇಟ್ ಆಗುತ್ತದೆ, ಆಗ ಅದನ್ನು ಹೀರಲು ಹೊಲದಲ್ಲಿ ಬೆಳೆ ಇಲ್ಲ. ಬಿತ್ತನೆ ಜುಲೈ ನಡುವಿಗೆ ಜಾರಿ ಹೊಲದಲ್ಲಿ ನೀರು ನಿಂತಿದ್ದರೆ ಮುರಿದುಕೊಳ್ಳುವ ಮಾತೇ ಬೇಡ.

ಎಕರೆಗೆ 10 ಕಿಲೋ ಸಾರಜನಕ ಹಿಡಿಯಿರಿ, ನಷ್ಟವಾಗದ ಅಂಕಿ. ಮಳೆಯಾಶ್ರಿತ ಗೋವಿನಜೋಳಕ್ಕೆ ಹೆಕ್ಟೇರಿಗೆ 100 ಕಿಲೋ ಶಿಫಾರಸು, ಎಕರೆಗೆ 40. ಬಿತ್ತುವಾಗ 50 ಕಿಲೋ ಡಿಎಪಿ ಒಂದು ಚೀಲ (ಸಾರಜನಕ 9), ಯೂರಿಯಾ ಅರ್ಧ ಚೀಲ (10), 30ನೇ ದಿನಕ್ಕೆ ಯೂರಿಯಾ ಒಂದು ಚೀಲ (20 ಚಿಲ್ಲರೆ). ಕಡಲೆ ಆದ ಹೊಲದಲ್ಲಿ ಕೊನೆಯ ಕಂತನ್ನು ಅರ್ಧ ಚೀಲ ಮಾಡಿ. ಬಿತ್ತುವಾಗಿನದನ್ನು ಮುಟ್ಟಬೇಡಿ, ಎಳೆ ಬೇರಿಗೆ ದೂರದ ಸಾರಜನಕ ಎಟುಕದು. 30ನೇ ದಿನ ಪೈರು ನೋಡಿ ತೀರ್ಮಾನಿಸಬಹುದು ಎಂಬ ಅನುಕೂಲವೂ ಇದೆ.

ಜೋಳ, ಗೋಧಿ ಆದ ಹೊಲದಲ್ಲಿ ಒಟ್ಟು ಅಷ್ಟೇ, ಹಂಚಿಕೆ ಮಾತ್ರ ತಿರುವುಮುರುವು: ಬಿತ್ತುವಾಗ ಯೂರಿಯಾ ಒಂದು ಚೀಲ, 30ನೇ ದಿನಕ್ಕೆ ಅರ್ಧ. ಬೀಜಕ್ಕೆ ತಾಗದ ಹಾಗೆ ಎರಡು-ಮೂರು ಬೆರಳು ಆಚೆ, ಕೆಳಗೆ ಬೀಳಬೇಕು. ತಾಗಿದರೆ ಮೊಳಕೆ ಸುಡುತ್ತದೆ. ಕಡಲೆ ಸಿಡಿರೋಗಕ್ಕೆ ಸಿಕ್ಕು ಅರ್ಧಕ್ಕರ್ಧ ಒಣಗಿದ್ದ ಹೊಲ ಕಡಲೆ ಆದ ಹೊಲವಲ್ಲ, ಪೂರ್ತಿ ಗೊಬ್ಬರ ಕೊಡಿ.

ಬ. ಹಾವೇರಿ:
ಹೀಗೆ ಬರೆದಿದ್ದೇನೆ: ‘ಕಡಲೆ ಚೆನ್ನಾಗಿ ಆದ ಹೊಲವೇ? ಗೋವಿನಜೋಳಕ್ಕೆ 30ನೇ ದಿನದ ಯೂರಿಯಾದಲ್ಲಿ ಎಕರೆಗೆ ಅರ್ಧ ಚೀಲ ಮುರಿದುಕೊಳ್ಳಿ. ಜೋಳ, ಗೋಧಿ ಆದ ಹೊಲವೇ? ಕೂಳೆ ಕೊಳೆಯುವಾಗ ಗೊಬ್ಬರ ತಡೆಹಿಡಿಯುತ್ತದೆ. ಯೂರಿಯಾ ಇಳಿಸಬೇಡಿ, ಬಿತ್ತುವಾಗಲೇ ಒಂದು ಚೀಲ ಕೊಡಿ.’

ಮ. ರಾಯಚೂರು:
ಸರಿ ಇದೆ. ‘45 ಕಿಲೋ ಚೀಲ’ ಎಂದು ಸೇರಿಸಿ, 2018ರಿಂದ ಯೂರಿಯಾ ಚೀಲ 50ರದ್ದಲ್ಲ. ಕೆಳಗೆ ‘ಮಳೆಯಾಶ್ರಿತಕ್ಕೆ ಮಾತ್ರ’ ಎಂದೂ ಇರಲಿ. ನೀರಾವರಿಯಲ್ಲಿ ಎಕರೆಗೆ 60 ಕಿಲೋ, ಕಂತೂ ಮೂರು.

ಗು. ಮೈಸೂರು:
‘ಮಳೆಯಾಶ್ರಿತ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದ ಪದ. ‘ಮಳೆನೆಚ್ಚಿನ’ ಎನ್ನಬಹುದಿತ್ತು.